ಬಾದಾಮಿಯಲ್ಲಿ ಒಂದು ದಿನದ ಕಾಲ್ನಡಿಗೆ: ಯಾವ ಗುಡಿ ಯಾವಾಗ, ಎಷ್ಟು ಹೊತ್ತು

ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ನಾಲ್ಕನ್ನೂ ಒಂದೇ ದಿನಕ್ಕೆ ಕಟ್ಟಿಕೊಡುವ ಕಾರಿನ ಪ್ಯಾಕೇಜುಗಳೇ ಇಲ್ಲಿ ಹೆಚ್ಚು. ಆ ಲೆಕ್ಕದಲ್ಲಿ ಬಾದಾಮಿಯ ಪಾಲಿಗೆ ಬರುವುದು ಎರಡು ತಾಸು. ಅಷ್ಟರಲ್ಲಿ ಮೇಣಬಸದಿ ಎಂಬ ಗವಿಗುಡಿಗಳನ್ನು ಹತ್ತಿ ಇಳಿದು, ಕೆರೆಯ ಆಚೆ ದಂಡೆಯ ಭೂತನಾಥನನ್ನು ದೂರದಿಂದಲೇ ಫೋಟೊ ಹಿಡಿದು, ಮತ್ತೆ ಕಾರು ಹತ್ತಬೇಕು. ಹಾಗೆ ನೋಡಿದವರು ಬಾದಾಮಿಯ ಅರ್ಧವನ್ನೂ ನೋಡಿರುವುದಿಲ್ಲ. ಈ ಊರು ಎರಡು ಕೆಂಪು ಗುಡ್ಡಗಳ ನಡುವೆ ಒಂದು ಕೆರೆ ಇಟ್ಟುಕೊಂಡು ಬೆಳೆದ ಚಾಲುಕ್ಯರ ರಾಜಧಾನಿ. ದಕ್ಷಿಣದ ಗುಡ್ಡದಲ್ಲಿ ಗವಿಗಳು, ಉತ್ತರದ ಗುಡ್ಡದಲ್ಲಿ ಕೋಟೆ ಮತ್ತು ಶಿವಾಲಯಗಳು, ಪೂರ್ವದ ದಂಡೆಯಲ್ಲಿ ಭೂತನಾಥ, ಪಡುವಲಿಗೆ ಊರು. ಕೆರೆಯನ್ನು ಬಳಸಿ ಕಾಲ್ನಡಿಗೆಯಲ್ಲಿ ಸುತ್ತಿದಾಗಲೇ ಇವೆಲ್ಲ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದು ಕಣ್ಣಿಗೆ ಬೀಳುತ್ತದೆ. ಆ ನಡಿಗೆಗೆ ಪೂರ್ತಿ ಒಂದು ದಿನ ಬೇಕು. ಕೊಟ್ಟರೆ ಬಾಗಲಕೋಟೆ ಜಿಲ್ಲೆಯಲ್ಲಿ ಇದಕ್ಕಿಂತ ತೃಪ್ತಿ ಕೊಡುವ ಇನ್ನೊಂದು ದಿನ ಸಿಗುವುದು ಕಷ್ಟ.

ದೂರ ಹೆಚ್ಚೇನಿಲ್ಲ. ಬಸ್ ನಿಲ್ದಾಣದಿಂದ ಹೊರಟು ಎಲ್ಲ ಮುಗಿಸಿ ಬರುವಷ್ಟರಲ್ಲಿ ಏಳೆಂಟು ಕಿಲೋಮೀಟರ್ ಆಗಬಹುದು. ದಣಿವು ತರುವುದು ಮೆಟ್ಟಿಲು ಮತ್ತು ಬಿಸಿಲು. ಉತ್ತರದ ಗುಡ್ಡ, ಮೇಣಬಸದಿ, ಮಾಲೆಗಿತ್ತಿ ಹೀಗೆ ಮೂರು ಏರುಗಳಿವೆ, ಮೂರಕ್ಕೂ ಕಲ್ಲಿನ ಮೆಟ್ಟಿಲೇ. ಮಂಡಿನೋವು ಇರುವವರು ಮೇಣಬಸದಿ ಒಂದನ್ನೇ ಹತ್ತಿ, ಉಳಿದ ಹೊತ್ತನ್ನು ಕೆರೆಯ ದಂಡೆಯ ಸಮತಟ್ಟು ದಾರಿಗೆ ಇಟ್ಟುಕೊಂಡರೂ ನಷ್ಟವಿಲ್ಲ.

ಮೊದಲು ಸರದಿಯ ಮಾತು, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ಬಂದವರೆಲ್ಲ ಮೊದಲು ಗವಿಗೆ ಹೋಗುತ್ತಾರೆ. ಬಿಸಿಲೇರಿದ ಮೇಲೆ ಉತ್ತರದ ಗುಡ್ಡ ನೋಡಿ ಕಾಲು ಸೋತು ಬಿಟ್ಟುಬಿಡುತ್ತಾರೆ. ಇದನ್ನು ತಿರುಗಿಸಬೇಕು. ಉತ್ತರದ ಗುಡ್ಡದ ನೆತ್ತಿ ಬರೀ ಬಂಡೆ, ಮರದ ನೆರಳಿಲ್ಲ. ಹತ್ತು ಗಂಟೆ ದಾಟಿದರೆ ಮರಳುಗಲ್ಲು ಕಾದು ಮೇಲಿನಿಂದಲೂ ಕೆಳಗಿನಿಂದಲೂ ಬಿಸಿ ಹೊಡೆಯುತ್ತದೆ. ಮೇಣಬಸದಿಗಳು ಗುಡ್ಡದ ಉತ್ತರ ಮುಖದಲ್ಲಿ ಕೊರೆದವು. ಒಳಗೆ ನಡುಮಧ್ಯಾಹ್ನವೂ ತಂಪು. ಹಾಗಾಗಿ ಬೆಳಿಗ್ಗೆ ಉತ್ತರ, ಮಧ್ಯಾಹ್ನ ದಕ್ಷಿಣ, ಸಂಜೆ ಪೂರ್ವ. ಇದಕ್ಕೆ ಒಂದೇ ಹೊರತು ಇದೆ. ಭಾನುವಾರ, ಶಾಲೆಗಳ ಪ್ರವಾಸದ ಡಿಸೆಂಬರ್ ತಿಂಗಳು, ಬನಶಂಕರಿ ಜಾತ್ರೆಯ ಸುತ್ತಿನ ದಿನಗಳಲ್ಲಿ ಹನ್ನೊಂದರ ಹೊತ್ತಿಗೆ ಗವಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥ ದಿನ ಮಾತ್ರ ಟಿಕೆಟ್ ಕಿಟಕಿ ತೆರೆಯುತ್ತಿದ್ದಂತೆ ಗವಿಗೇ ಹೋಗಿ.

ಶುಕ್ರವಾರ ಬರಬೇಡಿ. ಅಂದು ವಸ್ತುಸಂಗ್ರಹಾಲಯಕ್ಕೆ ರಜೆ.

ಬೆಳಗಿನ ಮೊದಲ ನಿಲ್ಲುವ ತಾಣ ಮಾಲೆಗಿತ್ತಿ ಶಿವಾಲಯ. ಊರಿನ ವಾಯವ್ಯಕ್ಕೆ ಬೇರೆಯಾಗಿ ನಿಂತ ಬಂಡೆಯ ಮೇಲೆ ಇದೊಂದೇ ಗುಡಿ. ಏಳನೆಯ ಶತಮಾನದ್ದು, ಬಾದಾಮಿಯ ಕಟ್ಟಿದ ಗುಡಿಗಳಲ್ಲಿ ಹೆಚ್ಚು ಇಡಿಯಾಗಿ ಉಳಿದಿರುವುದು. ಗವಿಗೆ ಬರುವ ನೂರು ಜನರಲ್ಲಿ ನಾಲ್ಕೈದು ಮಂದಿಯಾದರೂ ಇಲ್ಲಿಗೆ ಬಂದರೆ ಹೆಚ್ಚು. ಹಾಗಾಗಿ ಬೆಳಿಗ್ಗೆ ಗುಡಿ ನಿಮ್ಮೊಬ್ಬರದೇ. ಮೂರೇ ಭಾಗ: ಮುಂದೊಂದು ಪುಟ್ಟ ಮುಖಮಂಟಪ, ಆಮೇಲೆ ಮಂಟಪ, ಆಮೇಲೆ ಗರ್ಭಗುಡಿ. ಶಿಖರ ದ್ರಾವಿಡ ಮಾದರಿಯದು. ಹೊರಗೋಡೆಯ ಒಂದು ಬದಿಗೆ ಶಿವ, ಇನ್ನೊಂದು ಬದಿಗೆ ವಿಷ್ಣು. ಇದನ್ನು ಕಟ್ಟಿದವನ ಹೆಸರು ಆರ್ಯಮಿಂಚಿ ಉಪಾಧ್ಯಾಯ ಎಂದು ಇಲ್ಲಿಯ ಬರಹ ಹೇಳುತ್ತದೆ. ಕಟ್ಟಿಸಿದ ಅರಸನ ಹೆಸರು ಎಲ್ಲೆಡೆ ಸಿಗುತ್ತದೆ, ಕಟ್ಟಿದ ಕೈಯ ಹೆಸರು ಸಿಗುವುದು ಅಪರೂಪ. ಮಾಲೆಗಿತ್ತಿ ಎಂದರೆ ಹೂಮಾಲೆ ಕಟ್ಟುವವಳು. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ನಡೆಯಿರಿ, ಮಧ್ಯಾಹ್ನ ಮೂರನೆಯ ಗವಿಯಲ್ಲಿ ಮಾಲೆಗಾರರು ಮತ್ತೆ ಸಿಗುತ್ತಾರೆ. ಇಲ್ಲಿ ಅರ್ಧ ತಾಸು ಸಾಕು.

ಅಲ್ಲಿಂದ ಊರೊಳಗಿನ ಓಣಿಗಳಲ್ಲಿ ಹಾದು ವಸ್ತುಸಂಗ್ರಹಾಲಯದ ಕಡೆ ಬನ್ನಿ. ಓಣಿ ಕಿರಿದು, ಎರಡೂ ಕಡೆ ಸುಣ್ಣ ಬಳಿದ ಮನೆ, ಕಟ್ಟೆ, ದನ. ಮನೆಗೆ ಹೊಂದಿಕೊಂಡೇ ಹಳೆಯ ಗುಡಿಗಳಿವೆ. ಅವುಗಳಲ್ಲಿ ತಪ್ಪಿಸಬಾರದ್ದು ಜಂಬುಲಿಂಗ ಗುಡಿ. ಹೆಸರು ಜಂಬುಲಿಂಗ ಎಂದಿದ್ದರೂ ಅದು ಬ್ರಹ್ಮ, ವಿಷ್ಣು, ಮಹೇಶ್ವರ ಮೂವರಿಗೆ ಮೂರು ಗರ್ಭಗುಡಿ ಇಟ್ಟು ಕಟ್ಟಿದ ತ್ರಿಕೂಟ. ಕ್ರಿ.ಶ. 699ರಲ್ಲಿ ಚಾಲುಕ್ಯ ವಿಜಯಾದಿತ್ಯನ ತಾಯಿ ವಿನಯವತಿ ಕಟ್ಟಿಸಿದ್ದು. ದಾರಿ ಕೇಳುವಾಗ ‘ಜಂಬುಲಿಂಗಪ್ಪನ ಗುಡಿ ಎಲ್ರೀ’ ಎಂದರೆ ಓಣಿಯ ಹುಡುಗರೇ ಕೈತೋರಿಸುತ್ತಾರೆ. ಒಳಗೆ ಬೆಳಕು ಕಡಿಮೆ. ಮಂಟಪದ ಚಾವಣಿ ನೋಡಲು ಕೈಯಲ್ಲೊಂದು ಬ್ಯಾಟರಿ ಇರಲಿ. ಮೊಬೈಲಿನ ಬೆಳಕು ಅಲ್ಲಿಯವರೆಗೆ ಮುಟ್ಟುವುದಿಲ್ಲ.

ವಸ್ತುಸಂಗ್ರಹಾಲಯದ ಪಕ್ಕದಿಂದಲೇ ಉತ್ತರದ ಗುಡ್ಡದ ಮೆಟ್ಟಿಲು ಹೊರಡುತ್ತದೆ. ಹಳಬರು ಇದನ್ನು ಬಾವನ್ ಬಂಡೆ ಕೋಟೆ ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಬಂಡೆ ಬಂಡೆಗಳ ನಡುವಿನ ಸೀಳುಗಳಲ್ಲಿ ದಾರಿ ಸಾಗುತ್ತದೆ. ಎರಡೂ ಬದಿಗೆ ಹತ್ತಾಳು ಎತ್ತರದ ಕಲ್ಲಿನ ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ, ಕೆಲವೆಡೆ ಇಬ್ಬರು ಜೊತೆಯಲ್ಲಿ ನಡೆಯಲಾಗದಷ್ಟು ಇಕ್ಕಟ್ಟು. ಕೋಟೆ ಕಟ್ಟಲು ಒಂದನೆಯ ಪುಲಕೇಶಿ ಈ ಗುಡ್ಡವನ್ನೇ ಏಕೆ ಆರಿಸಿಕೊಂಡ ಎಂಬುದಕ್ಕೆ ಬೇರೆ ವಿವರಣೆ ಬೇಡ, ಮೇಲಿಂದ ನಾಲ್ಕು ಜನ ಕಲ್ಲು ಉರುಳಿಸಿದರೆ ಕೆಳಗಿನ ದಂಡು ಅಲ್ಲೇ ನಿಲ್ಲುತ್ತದೆ. ಶಕ ವರ್ಷ 465, ಅಂದರೆ ಕ್ರಿ.ಶ. 543ರಲ್ಲಿ ವಾತಾಪಿಯ (ಬಾದಾಮಿಯ ಹಳೆಯ ಹೆಸರು) ಗುಡ್ಡವನ್ನು ಕೋಟೆ ಮಾಡಿದೆನೆಂದು ಅವನು ಬರೆಸಿದ ಶಾಸನ ಇದೇ ಗುಡ್ಡದ ಬಂಡೆಯ ಮೇಲಿದೆ. ನೂರು ವರ್ಷ ತುಂಬುವ ಮೊದಲೇ, 642ರಲ್ಲಿ ಪಲ್ಲವ ನರಸಿಂಹವರ್ಮ ಊರು ಹಿಡಿದ. ಇಮ್ಮಡಿ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆಯಲು ಹದಿಮೂರು ವರ್ಷ ಹಿಡಿಯಿತು.

ಮೊದಲು ಸಿಗುವ ಕೆಳಗಿನ ಶಿವಾಲಯದಲ್ಲಿ ಉಳಿದಿರುವುದು ಗರ್ಭಗುಡಿ ಮತ್ತು ಶಿಖರ ಮಾತ್ರ, ಸುತ್ತಿನ ಗೋಡೆ ಹೋಗಿದೆ. ಐದು ನಿಮಿಷ ನಿಂತು ದಮ್ಮು ತೆಗೆದುಕೊಂಡು ಮುಂದೆ ಹೋಗಿ. ನೆತ್ತಿಯ ಮೇಲಿನ ಶಿವಾಲಯಕ್ಕೆ ಮಾತ್ರ ಮುಕ್ಕಾಲು ತಾಸು ಕೊಡಿ. ಹೆಸರು ಶಿವಾಲಯ, ಕೆತ್ತನೆ ಎಲ್ಲ ವಿಷ್ಣುವಿನದು: ಗೋವರ್ಧನ ಎತ್ತಿದ ಕೃಷ್ಣ, ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹ. ಜನ ಗೋಡೆ ನೋಡಿ ಹೊರಟುಬಿಡುತ್ತಾರೆ. ನೀವು ಅಧಿಷ್ಠಾನದ, ಅಂದರೆ ಗುಡಿಯ ತಳಗಟ್ಟಿನ, ಮಟ್ಟಕ್ಕೆ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ಗೇಣುದ್ದದ ಪಟ್ಟಿಯಲ್ಲಿ ರಾಮಾಯಣ ಮತ್ತು ಕೃಷ್ಣನ ಕಥೆ ಸಾಲುಸಾಲಾಗಿ ಕೆತ್ತಿದೆ. ಮಳೆಗಾಳಿಗೆ ಸವೆದು ಮುಖಗಳು ಹೋಗಿವೆ, ಮೈಯ ತಿರುವಿನಿಂದಲೇ ಗುರುತು ಹಿಡಿಯಬೇಕು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಗೆರೆ ಎದ್ದು ಕಾಣುತ್ತದೆ, ಹನ್ನೆರಡು ಗಂಟೆಗೆ ಅದೇ ಪಟ್ಟಿ ಸಪಾಟಾಗಿ ಕಾಣುತ್ತದೆ. ಬೆಳಿಗ್ಗೆಯೇ ಇಲ್ಲಿಗೆ ಬನ್ನಿ ಎನ್ನಲು ಇದು ಎರಡನೆಯ ಕಾರಣ.

ಗುಡ್ಡದ ಅಂಚಿಗೆ ಕಟಾಂಜನ ಎಲ್ಲ ಕಡೆಯೂ ಇಲ್ಲ. ಮಕ್ಕಳ ಕೈ ಬಿಡಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಸವೆದ ಚಪ್ಪಲಿ ಜಾರುತ್ತದೆ, ಹಿಡಿತ ಇರುವ ಬೂಟು ಹಾಕಿ. ಆದರೆ ಮಳೆಗಾಲಕ್ಕೆ ಒಂದು ಬಹುಮಾನವೂ ಇದೆ. ಜೋರು ಮಳೆ ಬಿದ್ದ ಮರುದಿನ ಬಂಡೆಯ ನೆತ್ತಿಯಿಂದ ಅಕ್ಕ-ತಂಗಿಯರ ಜಲಪಾತ ಜೋಡಿಯಾಗಿ ಇಳಿಯುತ್ತದೆ. ಮಳೆ ನಿಂತ ಒಂದೆರಡು ದಿನಕ್ಕೆ ಅದು ಬತ್ತುವುದರಿಂದ ಮೊದಲೇ ದಿನ ಗೊತ್ತುಮಾಡಿ ಬಂದವರಿಗೆ ಸಿಗುವುದು ಅದೃಷ್ಟದ ಮೇಲೆ.

ಕೆಳಗಿಳಿದ ಮೇಲೆ ವಸ್ತುಸಂಗ್ರಹಾಲಯ. ಕೋಣೆಗಳು ಚಿಕ್ಕವು, ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪ ಇಲ್ಲಿದೆ. ತಲೆಯ ಜಾಗದಲ್ಲಿ ಅರಳಿದ ತಾವರೆ, ಮೈ ಪೂರ್ತಿ ಹೆರುವ ಹೆಣ್ಣಿನದು. ಕಲ್ಲಿನ ನುಣುಪು ನೋಡಿದರೆ ಇದನ್ನು ಕೆತ್ತಿದವನು ಪೂಜೆಯ ಮನಸ್ಸಿನಿಂದಲೇ ಕೆತ್ತಿದ್ದಾನೆ ಎನಿಸುತ್ತದೆ. ಇದೊಂದಕ್ಕಾಗಿಯೇ ಒಳಗೆ ಹೋಗಬಹುದು.

ಊಟಕ್ಕೆ ಪೇಟೆಗೆ ಮರಳಿ. ಬಸ್ ನಿಲ್ದಾಣದ ಸುತ್ತಿನ ಖಾನಾವಳಿಗಳಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು. ಖಾನಾವಳಿ ಆರಿಸುವಾಗ ನೋಡಬೇಕಾದದ್ದು ಒಂದೇ: ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆಯೇ ಎಂಬುದು. ಬೆಳಿಗ್ಗೆ ಬಡಿದಿಟ್ಟ ರೊಟ್ಟಿ ಮಧ್ಯಾಹ್ನಕ್ಕೆ ಸೆಟೆಯುತ್ತದೆ, ಕಟಕ್ ರೊಟ್ಟಿಯ ಗರಿಮುರಿಯೂ ಇರುವುದಿಲ್ಲ, ಬಿಸಿ ರೊಟ್ಟಿಯ ಮೆದುವೂ ಇರುವುದಿಲ್ಲ. ಎರಡು ರೊಟ್ಟಿಗೆ ನಿಲ್ಲಿಸಿ, ಮುಂದೆ ಮೆಟ್ಟಿಲಿವೆ. ಬದಲಿಗೆ ಮಜ್ಜಿಗೆ ಎರಡು ಲೋಟ ಹೆಚ್ಚು ಕುಡಿಯಿರಿ. ಅಗಸ್ತ್ಯ ಮುನಿ ಹೊಟ್ಟೆ ಸವರಿಕೊಂಡು ‘ವಾತಾಪಿ ಜೀರ್ಣೋಭವ’ ಎಂದ ಊರು ಇದೇ, ಎದುರಿನ ಕೆರೆಯ ಹೆಸರೂ ಅಗಸ್ತ್ಯತೀರ್ಥವೇ.

ಎರಡು ಗಂಟೆಯ ಹೊತ್ತಿಗೆ ಮೇಣಬಸದಿ. ನಾಲ್ಕು ಗವಿ. ಮೊದಲ ಮೂರು ಒಂದರ ಮೇಲೊಂದು ಏರುತ್ತ ಹೋಗುತ್ತವೆ, ಒಂದರಿಂದ ಮುಂದಿನದಕ್ಕೆ ಅರವತ್ತರ ಆಸುಪಾಸಿನ ಮೆಟ್ಟಿಲು, ನಾಲ್ಕನೆಯದು ಮೂರನೆಯದರ ಪಕ್ಕದಲ್ಲೇ. ಹತ್ತುವ ಮೊದಲು ಮಂಗಗಳ ವಿಷಯ ತಿಳಿದಿರಲಿ. ಇಲ್ಲಿನ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸರಸರ ಸದ್ದು ಎಂದರೆ ತಿಂಡಿ ಎಂದೇ ಲೆಕ್ಕ. ಚೀಲದಲ್ಲಿ ಪುಸ್ತಕ ಇದ್ದರೂ ಕಿತ್ತುಕೊಳ್ಳುತ್ತವೆ. ಬಾಳೆಹಣ್ಣು, ಬಿಸ್ಕೀಟು ಯಾವುದೂ ಬೇಡ. ನೀರಿನ ಬಾಟಲಿ ಕೈಯಲ್ಲಿ ಹಿಡಿಯದೆ ಜಿಪ್ ಇರುವ ಬೆನ್ನುಚೀಲದೊಳಗೆ ಇಡಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಜಗ್ಗಾಡಿದರೆ ಪರಚುತ್ತವೆ, ಕಚ್ಚಿದರೆ ಮುಂದಿನ ತಾಣ ಸರ್ಕಾರಿ ಆಸ್ಪತ್ರೆ. ತಲೆಗೆ ಎರಡು ಲೀಟರಿನಂತೆ ನೀರು ಕೆಳಗಿನಿಂದಲೇ ಒಯ್ಯಿರಿ.

ಮೊದಲ ಗವಿ ಶಿವನದು. ಹೊರಗೆ ಬಲಕ್ಕೆ ಹದಿನೆಂಟು ಕೈಯ ನಟರಾಜ, ಸುಮಾರು ಐದಡಿ ಎತ್ತರ. ಬಲಗಡೆ ಒಂಬತ್ತು ಕೈ, ಎಡಗಡೆ ಒಂಬತ್ತು. ಒಂದೊಂದು ಬಲಗೈಗೆ ಒಂದೊಂದು ಎಡಗೈ ಜೋಡಿಸಿದರೆ ಎಂಬತ್ತೊಂದು ಭಂಗಿ ಎಂದು ಗೈಡುಗಳು ಹೇಳುವ ಲೆಕ್ಕ ಹೀಗೆ ಬಂದದ್ದು. ಕಾಗದದಿಂದ ಉಳಿದ ಕೈಗಳನ್ನು ಮರೆಮಾಡಿ ಒಂದು ಜೋಡಿಯನ್ನು ಮಾತ್ರ ನೋಡಿ. ಪ್ರತಿ ಸಲವೂ ಒಂದು ಪೂರ್ಣವಾದ ಕುಣಿತ ಕಾಣುತ್ತದೆ, ಎಲ್ಲಿಯೂ ಭುಜ ಅಸಹಜವಾಗಿ ತಿರುಚಿಲ್ಲ. ಎದುರು ಬದಿಯ ದ್ವಾರಪಾಲನ ಕೆಳಗೆ ಒಂದೇ ತಲೆ ಹಂಚಿಕೊಂಡ ಆನೆ ಮತ್ತು ಎತ್ತು ಇವೆ. ಒಂದು ಬದಿಯ ಮೈಯನ್ನು ಅಂಗೈಯಿಂದ ಮುಚ್ಚಿದರೆ ಆನೆ, ಇನ್ನೊಂದು ಬದಿ ಮುಚ್ಚಿದರೆ ಎತ್ತು. ಮಕ್ಕಳಿಗೆ ಗವಿಗಳಲ್ಲೇ ಹೆಚ್ಚು ಹಿಡಿಸುವ ಕೆತ್ತನೆ ಇದು. ಒಳಗೆ ಹರಿಹರ, ಅರ್ಧನಾರೀಶ್ವರ. ಅರ್ಧನಾರೀಶ್ವರನ ಪಕ್ಕದಲ್ಲಿ ಎಲುಬಿನ ಹಂದರವಾಗಿ ಕೈಮುಗಿದು ನಿಂತವನು ಭೃಂಗಿ.

ಎರಡನೆಯ ಗವಿಯಲ್ಲಿ ಜನ ತ್ರಿವಿಕ್ರಮ ಮತ್ತು ವರಾಹರನ್ನು ನೋಡಿ ಮುಂದೆ ಹೋಗುತ್ತಾರೆ. ತಲೆ ಎತ್ತಿ. ಚಾವಣಿಯಲ್ಲಿ ಹದಿನಾರು ಮೀನುಗಳನ್ನು ಅರಗಳಂತೆ ಜೋಡಿಸಿದ ಚಕ್ರವಿದೆ. ಅದನ್ನು ಬಿಟ್ಟರೆ ಈ ಗವಿ ಮೂರನೆಯದರ ಪೀಠಿಕೆಯಂತೆ, ಹತ್ತು ನಿಮಿಷ ಸಾಕು.

ಮೂರನೆಯದು ಇಡೀ ದಿನದ ಹೃದಯ. ಮುಖದ ಅಗಲ ಸುಮಾರು ಎಪ್ಪತ್ತು ಅಡಿ. ಬಾದಾಮಿಯ ಗವಿಗಳಲ್ಲಿ ಇಸವಿ ಬರೆದಿರುವುದು ಇದೊಂದೇ: ಶಕ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ತಮ್ಮ ಮಂಗಲೇಶ ಈ ವಿಷ್ಣುಗೃಹ ಮಾಡಿಸಿ, ಅದರ ಪುಣ್ಯವನ್ನು ಅಣ್ಣನಿಗೇ ಒಪ್ಪಿಸಿದ. ಉಳಿದ ಗವಿಗಳ ಕಾಲವನ್ನು ವಿದ್ವಾಂಸರು ಅಳೆಯುವುದು ಈ ಇಸವಿಯನ್ನು ಇಟ್ಟುಕೊಂಡೇ. ಸಂಸ್ಕೃತ ಶಾಸನದ ಜೊತೆಗೆ ಇಲ್ಲಿ ಮಂಗಲೇಶನದೇ ಒಂದು ಕನ್ನಡ ಬರಹವೂ ಇದೆ. ಅದರಲ್ಲಿ ಈ ಗವಿಯನ್ನು ಕರೆದಿರುವುದು ‘ಕಲ್ಮನೆ’ ಎಂದು. ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಬಿಟ್ಟುಕೊಟ್ಟದ್ದನ್ನು, ದೇವರಿಗೆ ಹೂ ಕೊಡುವ ಮಾಲೆಗಾರರ ಪಾಲನ್ನು ಅದು ಹೇಳುತ್ತದೆ. ಬೆಳಿಗ್ಗೆ ನೋಡಿದ ಮಾಲೆಗಿತ್ತಿಯ ಹೆಸರು ಇಲ್ಲಿ ತಾನಾಗಿ ನೆನಪಾಗುತ್ತದೆ. ಸಾವಿರದ ನಾನ್ನೂರು ವರ್ಷ ಹಿಂದಿನ ಕನ್ನಡದ ಒಂದು ಮಾತು ಇಂದಿಗೂ ಒಡೆದು ಹೇಳದೆ ಅರ್ಥವಾಗುತ್ತದೆ: ಕಲ್ಲಿನ ಮನೆ, ಕಲ್ಮನೆ. ಗೈಡು ಇದನ್ನು ತೋರಿಸದಿದ್ದರೆ ಕೇಳಿ ತೋರಿಸಿಕೊಳ್ಳಿ.

ಪಡಸಾಲೆಯ ಎಡತುದಿಯಲ್ಲಿ ಆದಿಶೇಷನ ಸುರುಳಿಯ ಮೇಲೆ ಕಾಲು ಮಡಿಚಿ ಕುಳಿತ ವಿಷ್ಣು. ಮಲಗಿದ ವಿಷ್ಣುವನ್ನೇ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಹೊಸತು. ಮಧ್ಯಾಹ್ನ ಇಳಿದ ಮೇಲೆ ಪಡುವಣ ಬೆಳಕು ಈ ತುದಿಯವರೆಗೆ ಬರುವುದರಿಂದ ಮೂರೂವರೆಯ ಮೇಲೆ ಮುಖ ಚೆನ್ನಾಗಿ ಕಾಣುತ್ತದೆ. ಗದೆಗೆ ಒರಗಿ ಆರಾಮಾಗಿ ನಿಂತ ನರಸಿಂಹ ಇನ್ನೊಂದು ಅಪರೂಪ, ಉಗ್ರತೆಯ ಲವಲೇಶವೂ ಇಲ್ಲ. ಆಮೇಲೆ ಕಂಬದ ಬಳಿಗೆ ಬಂದು, ಬೋದಿಗೆಯ (ಕಂಬದ ತಲೆಯ ಚಾಚುಗಲ್ಲು) ಕೆಳಗಿನ ಜೋಡಿ ಶಿಲ್ಪಗಳನ್ನು ಒಂದೊಂದಾಗಿ ನೋಡಿ. ಮರದ ಕೆಳಗೆ ಗಂಡು-ಹೆಣ್ಣು, ಒಬ್ಬಳು ಅವನ ಹೆಗಲಿಗೆ ಜೋತುಬಿದ್ದಿದ್ದಾಳೆ, ಇನ್ನೊಬ್ಬಳಿಗೆ ಕಾಲ ಮೇಲೆ ನಿಲ್ಲಲಾಗುತ್ತಿಲ್ಲ. ಮರದ ಎಲೆ ಪ್ರತಿ ಜೋಡಿಗೂ ಬೇರೆ. ಚಾವಣಿಯ ಅಂಚಿನಲ್ಲಿ ಆ ಕಾಲದ ಬಣ್ಣದ ಚಿತ್ರಗಳ ತುಣುಕು ಇನ್ನೂ ಉಳಿದಿದೆ. ಫ್ಲ್ಯಾಷ್ ಹಾಕಬೇಡಿ, ಬಂಡೆಗೆ ಕೈ ಒರೆಸಬೇಡಿ. ಬೆವರಿನ ಕೈಯ ಜಿಡ್ಡು ಕೂತು ಕಂಬಗಳ ಕೆಳಭಾಗ ಈಗಾಗಲೇ ಕಪ್ಪಾಗಿದೆ. ಇಲ್ಲಿ ಒಂದು ತಾಸು ಬೇಕೇಬೇಕು.

ನಾಲ್ಕನೆಯದು ಜೈನ ಗವಿ, ಎಲ್ಲಕ್ಕಿಂತ ಚಿಕ್ಕದು. ಪಾರ್ಶ್ವನಾಥ, ಕಾಲಿಗೆ ಬಳ್ಳಿ ಸುತ್ತಿದ ಬಾಹುಬಲಿ. ಶ್ರವಣಬೆಳಗೊಳದ ಬಾಹುಬಲಿಗಿಂತ ಈ ಬಾಹುಬಲಿ ಶತಮಾನಗಳಷ್ಟು ಹಿರಿಯ. ಕೆರೆ, ಎದುರಿನ ಗುಡ್ಡ, ಬೆಳಿಗ್ಗೆ ಹತ್ತಿದ ಶಿವಾಲಯ ಎಲ್ಲ ಒಂದೇ ನೋಟಕ್ಕೆ ಸಿಗುವುದು ಇಲ್ಲಿನ ಕಟ್ಟೆಯಿಂದ. ಗವಿಗಳ ಮೇಲಿನ ದಕ್ಷಿಣ ಕೋಟೆಗೆ ಹೋಗುವ ಕಡಿದಾದ ಮೆಟ್ಟಿಲಿಗೆ ಬೀಗ ಹಾಕಿದೆ. ‘ಹತ್ತಿಸುತ್ತೇನೆ’ ಎಂದು ಯಾರಾದರೂ ಕರೆದರೆ ಹೋಗಬೇಡಿ.

ಗೈಡು ಬೇಕೇ ಎಂದರೆ, ಗವಿಗಳಿಗೆ ಬೇಕು, ಉಳಿದಕ್ಕೆ ಇಲ್ಲದಿದ್ದರೂ ನಡೆಯುತ್ತದೆ. ಸರ್ಕಾರದ ಗುರುತಿನ ಚೀಟಿ ಇರುವವರನ್ನೇ ತೆಗೆದುಕೊಳ್ಳಿ. ಹಣವನ್ನು ಹತ್ತುವ ಮೊದಲೇ ಮಾತಾಡಿ, ನಾಲ್ಕು ಗವಿಗೋ ಇಡೀ ದಿನಕ್ಕೋ ಎಂಬುದನ್ನೂ ಬಾಯಿಬಿಟ್ಟು ಹೇಳಿ. ಗೈಡಿನ ಸತ್ವ ಅಳೆಯಲು ಒಂದು ಪ್ರಶ್ನೆ ಸಾಕು: ‘ಕಪ್ಪೆ ಅರಭಟ್ಟನ ಶಾಸನ ತೋರಿಸ್ತೀರೇನ್ರೀ?’ ಅದರ ದಾರಿ ಗೊತ್ತಿರುವವರಿಗೆ ಬಾದಾಮಿ ಗೊತ್ತು. ‘ಅದು ದೂರ, ಅಲ್ಲೇನಿಲ್ಲ’ ಎಂದವರ ಬಳಿ ಗವಿಯ ನಾಲ್ಕು ಬಾಯಿಪಾಠ ಬಿಟ್ಟು ಬೇರೆ ಇರುವುದಿಲ್ಲ.

ನಾಲ್ಕೂವರೆಗೆ ಇಳಿದು, ಕೆರೆಯ ಪಡುವಣ ಕಟ್ಟೆಯ ಮೇಲೆ ಹಾದು ಹೋಗಿ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳು ಇರುತ್ತಾರೆ, ಕೇಳದೆ ಕ್ಯಾಮೆರಾ ತಿರುಗಿಸಬೇಡಿ. ಹತ್ತಿರದಲ್ಲೇ ಯಲ್ಲಮ್ಮನ ಗುಡಿ ಇದೆ. ಅಲ್ಲಿಂದ ಉತ್ತರ ದಂಡೆ ಹಿಡಿದು ಪೂರ್ವಕ್ಕೆ ನಡೆದರೆ ಮೆಟ್ಟಿಲುಮೆಟ್ಟಿಲಾದ ಶಿಖರಗಳ ಮಲ್ಲಿಕಾರ್ಜುನ ಗುಡಿಗಳ ಗುಂಪು, ಕೊನೆಗೆ ನೀರಿಗೆ ಮೂಗು ಚಾಚಿದ ಭೂತನಾಥ. ಗರ್ಭಗುಡಿಯ ಭಾಗ ಬಾದಾಮಿ ಚಾಲುಕ್ಯರ ಕಾಲದ್ದು, ನೀರಿನ ಕಡೆಯ ಮಂಟಪ ಆಮೇಲಿನ ಸೇರ್ಪಡೆ. ಎಲ್ಲರೂ ಫೋಟೊ ತೆಗೆದು ತಿರುಗುವ ಜಾಗ ಇದು. ನೀವು ಗುಡಿಯ ಹಿಂದಿನ ಬಂಡೆಗಳ ಕಡೆ ಹೋಗಿ. ವರಾಹ, ಗಣಪತಿ, ಮಹಿಷಮರ್ದಿನಿ, ಪುಟ್ಟ ಗುಡಿಯೊಳಗೆ ಮಲಗಿದ ಅನಂತಶಯನ ಎಲ್ಲ ಇಲ್ಲಿನ ಬಂಡೆಯಲ್ಲೇ ಕೆತ್ತಿದವು.

ಕಪ್ಪೆ ಅರಭಟ್ಟನ ಶಾಸನ ಇರುವುದು ಕೆರೆಯ ಈಶಾನ್ಯಕ್ಕೆ ಬಂಡೆಯ ಮುಖದಲ್ಲಿ. ಕ್ರಿ.ಶ. 700ರ ಸುಮಾರಿನದು, ಹತ್ತು ಸಾಲು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್’. ಬೀಸುಕಲ್ಲಿನ ಮುಂದೆ ಹಾಡುತ್ತ ಬಂದ ತ್ರಿಪದಿಯ ಲಯ ಬಂಡೆಯ ಮೇಲೆ ಅಷ್ಟು ಹಿಂದೆಯೇ ಕೂತಿದೆ. ಒಂದು ಸಲ ಗಟ್ಟಿಯಾಗಿ ಓದಿ ನೋಡಿ, ಬಾಯಿಗೆ ತಾನಾಗಿ ರಾಗ ಬರುತ್ತದೆ. ಹಳಗನ್ನಡ ಲಿಪಿ ಓದಲು ಬಾರದವರು ಪಾಠವನ್ನು ಬರೆದುಕೊಂಡು ಹೋಗಿ ಅಕ್ಷರಕ್ಕೆ ಅಕ್ಷರ ಹೊಂದಿಸಬಹುದು. ದಾರಿ ಕಲ್ಲುಮುಳ್ಳಿನದು, ಬೆಳಕಿದ್ದಾಗಲೇ ಹೋಗಬೇಕು. ಹೊತ್ತು ಸಾಲದೆಂದು ಕಂಡರೆ ಮಲ್ಲಿಕಾರ್ಜುನ ಬಿಟ್ಟು ಇದಕ್ಕೆ ಹೋಗಿ.

ನವೆಂಬರಿನಿಂದ ಫೆಬ್ರವರಿ ಈ ನಡಿಗೆಗೆ ತಕ್ಕ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ, ಆಗ ಒಂದೇ ದಿನಕ್ಕೆ ಎಲ್ಲ ಮುಗಿಸುವ ಹಟ ಬೇಡ. ಬೆಳಿಗ್ಗೆ ಮತ್ತು ಸಂಜೆ ಮಾತ್ರ ನಡೆದು ಒಂದು ರಾತ್ರಿ ಉಳಿಯಿರಿ. ರೈಲಿನಲ್ಲಿ ಬರುವವರು ನಿಲ್ದಾಣ ಊರಿಂದ ಐದು ಕಿಲೋಮೀಟರ್ ದೂರ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಆಟೊ, ಟಂಟಂ ಸಿಗುತ್ತವೆ, ಆದರೆ ಕತ್ತಲಾದ ಮೇಲೆ ಕಡಿಮೆ. ರಾತ್ರಿ ರೈಲಿದ್ದರೆ ಗಾಡಿಯವರಿಗೆ ಮಧ್ಯಾಹ್ನವೇ ಹೇಳಿಡಿ. ಬಾಗಲಕೋಟೆ, ಹುಬ್ಬಳ್ಳಿ, ವಿಜಯಪುರ ಕಡೆಯ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿದ ಕೂಡಲೇ ನಿಲ್ದಾಣದ ಕಂಟ್ರೋಲರ್ ಬಳಿ ಕೇಳಿ ಬರೆದುಕೊಳ್ಳಿ. ಭೂತನಾಥನ ಮೆಟ್ಟಿಲ ಮೇಲೆ ಕುಳಿತು, ಪಡುವಣ ಬಿಸಿಲಿಗೆ ಗುಡ್ಡ ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಕೂತವರಿಗೆ ಎದ್ದು ಬರಲು ಮನಸ್ಸಾಗುವುದಿಲ್ಲ. ಅಲ್ಲಿಂದ ಬಸ್ ನಿಲ್ದಾಣಕ್ಕೆ ಅರ್ಧ ತಾಸಿನ ದಾರಿ, ದಂಡೆಯ ಮೇಲೆ ದೀಪ ಎಲ್ಲ ಕಡೆ ಇಲ್ಲ. ಬೆಳಿಗ್ಗೆ ಜಂಬುಲಿಂಗದಲ್ಲಿ ಬಳಸಿದ ಬ್ಯಾಟರಿಯಲ್ಲಿ ಆ ಹೊತ್ತಿಗೂ ಚಾರ್ಜ್ ಉಳಿದಿರಲಿ.